ಅಮ್ಮನಿಗೆ ಹೇಳೋಕಾದ ಕಥೆಗಳು: ಡಾಕ್ಟರ್ ಹೂ ಮತ್ತು ಸ್ಟಾರ್ ಟ್ರೆಕ್‌ನ ಹೊಸ ಕಂತುಗಳ ಹೋಲಿಕೆ

2025ರಲ್ಲಿ ಎರಡು ಹಳೇ ಸರಣಿಗಳ ಹೊಸ ಸೀಸನ್‌ಗಳನ್ನು ಒಂದರ ಹಿಂದೆ ಒಂದು ನೋಡಿದೆ. ಏಪ್ರಿಲ್ 12ರಿಂದ ಮೇ 31ರವರೆಗೆ ಬ್ರಿಟನ್ನಿನ ‘ಡಾಕ್ಟರ್ ಹೂ’, ಒಟ್ಟು 8 ಕಂತು. ಜುಲೈ 17ರಿಂದ ಸೆಪ್ಟೆಂಬರ್ 11ರವರೆಗೆ ಅಮೆರಿಕದ ‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಮೂರನೇ ಸೀಸನ್, ಒಟ್ಟು 10 ಕಂತು. ಮೊದಲನೆಯದು ಡಾಕ್ಟರ್ ಅನ್ನುವ ಅನ್ಯಗ್ರಹದವನು ಕಾಲದಲ್ಲೂ ಬಾಹ್ಯಾಕಾಶದಲ್ಲೂ ಸುತ್ತುವ ಕಥೆ, ಎರಡನೆಯದು ಒಂದು ಬಾಹ್ಯಾಕಾಶ ಹಡಗಿನ ಸಿಬ್ಬಂದಿಯ ಕಥೆ. ಡಾಕ್ಟರ್ ಹೂ ಶುರುವಾದದ್ದು 1963ರಲ್ಲಿ, ಸ್ಟಾರ್ ಟ್ರೆಕ್ 1966ರಲ್ಲಿ. ಎರಡನ್ನೂ ಪ್ರೀತಿಸುವವರು ಆ ವರ್ಷ ತುಂಬಾ ಜಗಳವಾಡಿದರು. ಮೊದಲಿನ ಸೊಗಸು ಹೋಯಿತು ಅಂದವರು ಎರಡೂ ಕಡೆ ಇದ್ದರು. ನನಗೂ ಬೇಸರವಾಗಿತ್ತು. ಆದರೆ ಬೇಸರ ಯಾಕೆ ಅನ್ನೋದು ಸರಿಯಾಗಿ ಗೊತ್ತಾಗಲಿಲ್ಲ.

ಗೊತ್ತಾದದ್ದು ಡಿಸೆಂಬರಿನಲ್ಲಿ, ಅವರೆಕಾಯಿ ಕಾಲದಲ್ಲಿ. ಅಮ್ಮ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಾ ಕೂತಿದ್ದಳು. ಅವಳು ಇಂಗ್ಲಿಷ್ ಸರಣಿ ನೋಡುವವಳಲ್ಲ. ಸ್ಟಾರ್ ಟ್ರೆಕ್ ಅಂದರೆ, ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಅವಳ ತಮ್ಮ ಅಂಟಿಕೊಂಡು ನೋಡುತ್ತಿದ್ದ ‘ಕಿವಿ ಚೂಪಗಿರೋನ ಕಥೆ’, ಅಷ್ಟೇ. ಅವಳ ಜೊತೆ ಕಾಯಿ ಸುಲಿಯುತ್ತಾ ಒಂದು ಕಂತಿನ ಕಥೆ ಹೇಳಿದೆ. ಅವಳು ಕೈ ನಿಲ್ಲಿಸಿ ಕೇಳಿದಳು. ಮರುದಿನ ಇನ್ನೊಂದು ಹೇಳಿದೆ. ಅದಕ್ಕೆ ಅವಳು ‘ಹೂಂ’ ಅಂದಳು, ಅಷ್ಟೇ. ಹೀಗೇ ಎರಡು ವಾರದಲ್ಲಿ ಎರಡೂ ಸೀಸನ್‌ಗಳ ಹೆಚ್ಚಿನ ಕಂತುಗಳನ್ನು ಹೇಳಿ ಮುಗಿಸಿದೆ. ಫೋನ್ ನೋಡಬಾರದು, ‘ಇದಕ್ಕೆ ಮುಂಚೆ ಏನಾಗಿತ್ತು ಅಂದ್ರೆ’ ಅಂತ ಎರಡು ಸಲಕ್ಕಿಂತ ಜಾಸ್ತಿ ಹೇಳಬಾರದು ಅಂತ ನಾನೇ ನಿಯಮ ಮಾಡಿಕೊಂಡೆ. ಕೆಳಗಿರುವ ಹೋಲಿಕೆ ಆ ಎರಡು ವಾರದ್ದು. ಕಥೆಯ ಗುಟ್ಟುಗಳೂ ಇದರಲ್ಲಿವೆ, ಇನ್ನೂ ನೋಡದವರಿಗೆ ಮೊದಲೇ ಹೇಳಿಬಿಡುತ್ತೇನೆ.

ಅಮ್ಮ ಕೈ ನಿಲ್ಲಿಸಿದ ಆ ಮೊದಲ ಕಥೆ ಡಾಕ್ಟರ್ ಹೂನ ‘ದ ವೆಲ್’. ಒಂದು ದೂರದ ಗ್ರಹದ ಗಣಿ. ಅಲ್ಲಿದ್ದವರೆಲ್ಲ ಸತ್ತಿದ್ದಾರೆ. ಉಳಿದವಳು ಅಡುಗೆಯವಳು ಒಬ್ಬಳೇ, ಹೆಸರು ಅಲಿಸ್. ಅವಳಿಗೆ ಕಿವಿ ಕೇಳಿಸುವುದಿಲ್ಲ. ಆ ಪಾತ್ರ ಮಾಡಿದ ರೋಸ್ ಐಲಿಂಗ್-ಎಲಿಸ್ ಅವರಿಗೂ ಕೇಳಿಸುವುದಿಲ್ಲ. ಅಲಿಸ್ ಬೆನ್ನ ಹಿಂದೆ ಏನೋ ಒಂದು ಇದೆ. ಅದು ಯಾರಿಗೂ ಪೂರ್ತಿ ಕಾಣುವುದಿಲ್ಲ. ಅವಳನ್ನು ಗಡಿಯಾರದ ನಡುವೆ ನಿಲ್ಲಿಸಿದ ಹಾಗೆ ಅಂದುಕೊಳ್ಳಿ. ಸುತ್ತ ಎಲ್ಲಿ ಬೇಕಾದರೂ ನಿಲ್ಲಬಹುದು. ಅವಳ ನೇರ ಬೆನ್ನ ಹಿಂದೆ, ಹನ್ನೆರಡರ ಜಾಗಕ್ಕೆ ಬಂದರೆ ಮಾತ್ರ ಸಾವು. ಇಷ್ಟು ಹೇಳುವಾಗಲೇ ಅಮ್ಮ ಒಂದು ಸಲ ಹಿಂದೆ ತಿರುಗಿ ನೋಡಿದಳು.

ಇದು 2008ರ ‘ಮಿಡ್‌ನೈಟ್’ ಕಂತಿನ ಮುಂದುವರಿಕೆ. ನಡುವೆ ಅದು ಗೊತ್ತಾದಾಗ ಹಳೇ ಅಭಿಮಾನಿಗಳಿಗೆ ಮೈ ಜುಮ್ಮೆಂದಿತು. ನನಗೂ ಹಾಗೇ ಆಯಿತು. ಆದರೆ ಅಮ್ಮನಿಗೆ ಆ ವಿಷಯ ಹೇಳಲೇ ಇಲ್ಲ. ಹೇಳದಿದ್ದರೂ ಕಥೆಗೆ ಏನೂ ಕಡಿಮೆಯಾಗಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಎರಡನೆಯದು ‘ದ ಸ್ಟೋರಿ ಅಂಡ್ ದ ಎಂಜಿನ್’. ನೈಜೀರಿಯಾದ ಲಾಗೋಸ್ ಪೇಟೆಯ ಒಂದು ಕ್ಷೌರದ ಅಂಗಡಿ. ಬಂದ ಗಿರಾಕಿಗಳು ಹೊರಗೆ ಹೋಗುವಂತಿಲ್ಲ. ಒಬ್ಬೊಬ್ಬರೇ ಕುರ್ಚಿಯಲ್ಲಿ ಕೂತು ಕಥೆ ಹೇಳಬೇಕು. ಹೇಳಿದ ಕಥೆಯೇ ಎಂಜಿನ್ನಿಗೆ ಇಂಧನ. ಬರೆದವರು ನೈಜೀರಿಯಾದಲ್ಲಿ ಹುಟ್ಟಿದ ಕವಿ, ನಾಟಕಕಾರ ಇನುವಾ ಎಲಮ್ಸ್. ಇದರ ಬಗ್ಗೆ ಅಭಿಮಾನಿಗಳು ಎರಡು ಭಾಗವಾದರು. ನಾಟಕದ ಹಾಗಿದೆ, ನಿಧಾನ ಅಂದರು ಕೆಲವರು. ನನಗೆ ಈ ಸೀಸನ್ನಿನ ಅತಿ ದೊಡ್ಡ ಖುಷಿ ಇದೇ. ಕ್ಷೌರದ ಅಂಗಡಿಯ ಬೆಂಚು, ಪೇಪರ್, ಊರಿನ ಸುದ್ದಿ ಎಲ್ಲಾ ನಮಗೆ ಗೊತ್ತಿರುವುದೇ ಅಲ್ವಾ? ಡಾಕ್ಟರ್ ಆಗಾಗ ಮೈ ಬದಲಿಸಿ ಹೊಸ ರೂಪ ತಾಳುವವನು, ಅಲ್ಲಿಗೆ ಹೋದಾಗ ಅವನು ಕಪ್ಪು ಮೈಬಣ್ಣದವನು. ಆ ಅಂಗಡಿಯಲ್ಲಿ ತನ್ನನ್ನು ಯಾರೂ ಹೊರಗಿನವನು ಅಂದುಕೊಳ್ಳುವುದಿಲ್ಲ ಅನ್ನುವ ನೆಮ್ಮದಿಗೇ ಅವನು ಬರುತ್ತಿರುತ್ತಾನೆ. ಡಾಕ್ಟರ್ ಪಾತ್ರ ಮಾಡಿದ ಶೂಟಿ ಗಾಟ್ವಾ ಆ ನೆಮ್ಮದಿಯನ್ನೂ, ಅದು ಒಡೆದಾಗಿನ ನೋವನ್ನೂ ಮುಖದಲ್ಲೇ ತೋರಿಸುತ್ತಾರೆ. ಗುಲಾಮಗಿರಿಯಿಂದ ಓಡಿಹೋಗಲು ಹೆಂಗಸರು ಜಡೆಯಲ್ಲೇ ದಾರಿಯ ನಕ್ಷೆ ಹೆಣೆಯುತ್ತಿದ್ದರು ಅನ್ನುವ ಎಳೆ ಬಂದಾಗ, ಅಮ್ಮ ‘ಅದನ್ನ ಇನ್ನೊಂದ್ಸಲ ಹೇಳು’ ಅಂದಳು.

ಸ್ಟಾರ್ ಟ್ರೆಕ್ ಕಡೆ ಇಷ್ಟೇ ಎತ್ತರಕ್ಕೆ ಹೋದದ್ದು ‘ಟೆರೇರಿಯಮ್’. ಹಡಗಿನ ಪೈಲಟ್ ಒರ್ಟೇಗಾಸ್ ಒಂಟಿಯಾಗಿ ಒಂದು ಬರಡು ಉಪಗ್ರಹದಲ್ಲಿ ಸಿಕ್ಕಿಬೀಳುತ್ತಾಳೆ. ಅಲ್ಲಿರುವ ಇನ್ನೊಂದೇ ಜೀವ ಗೋರ್ನ್, ಹಲ್ಲಿಯ ಹಾಗಿರುವ ಬೇಟೆಗಾರ ಜಾತಿ. ಇದೇ ಸೀಸನ್ನಿನ ಮೊದಲ ಕಂತಿನಲ್ಲಿ ಗೋರ್ನ್‌ಗಳಿಂದ ಅವಳು ಸಾಯುವಷ್ಟು ಗಾಯಗೊಂಡಿರುತ್ತಾಳೆ. ಈಗ ಇಬ್ಬರೂ ಬದುಕಬೇಕಾದರೆ ಒಬ್ಬರಿಗೊಬ್ಬರು ಬೇಕು. ಮಾತು ಬಾರದ ಇಬ್ಬರು ಊಟ ಹಂಚಿಕೊಳ್ಳುತ್ತಾರೆ, ಆಟ ಆಡುತ್ತಾರೆ. ಕೊನೆಗೆ ಕಾಪಾಡಲು ಬಂದ ಸಹೋದ್ಯೋಗಿ, ಗೋರ್ನ್ ಕಂಡ ಕೂಡಲೇ ಗುಂಡು ಹಾರಿಸಿಬಿಡುತ್ತಾಳೆ. ಮೆಲಿಸ್ಸಾ ನವಿಯಾ ಆ ಕ್ಷಣದಲ್ಲಿ ಅಳುವ ರೀತಿ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಅಮ್ಮ ಕೇಳಿದ್ದು ಒಂದೇ ಮಾತು: ‘ಯಾಕೆ ಹೊಡೆದಳು? ಸ್ವಲ್ಪ ತಡೀಬೇಕಿತ್ತು.’

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1967ರ ‘ಅರೀನಾ’ ಕಂತಿನಲ್ಲಿ ಬಂದಿದ್ದ ಮೆಟ್ರಾನ್ ಜನಾಂಗದವನೊಬ್ಬ ಪ್ರತ್ಯಕ್ಷನಾಗಿ, ಇದೆಲ್ಲ ನಾವೇ ಮಾಡಿದ ಪರೀಕ್ಷೆ ಅನ್ನುತ್ತಾನೆ. ಬಹಳ ಅಭಿಮಾನಿಗಳಿಗೆ ಇದು ರುಚಿಸಲಿಲ್ಲ, ನನಗೂ ಇಲ್ಲ. ಇಬ್ಬರು ತಾವಾಗಿಯೇ ಗಳಿಸಿಕೊಂಡ ಸ್ನೇಹವನ್ನು ಯಾರೋ ಮೇಲೆ ಕೂತು ಏರ್ಪಾಡು ಮಾಡಿದ್ದರು ಅಂದರೆ, ಅದರ ತೂಕ ಇಳಿಯುತ್ತದೆ. ಅಮ್ಮನಿಗೆ ಮೆಟ್ರಾನ್ ಭಾಗ ಹೇಳಲಿಲ್ಲ. ‘ದ ವೆಲ್’ನಲ್ಲಿ ಹಳೇ ನಂಟು ಬಿಟ್ಟರೂ ಕಥೆ ಪೂರ್ತಿ ಇತ್ತು. ಇಲ್ಲಿ ಹಳೇ ನಂಟು ಬಿಟ್ಟಾಗಲೇ ಕಥೆ ಪೂರ್ತಿಯಾಯಿತು. ನನ್ನ ಬೇಸರದ ಮೂಲ ಎಲ್ಲಿದೆ ಅಂತ ಆವಾಗ ಹೊಳೆಯಿತು.

ಅದು ಎದ್ದು ಕಾಣುವುದು ಡಾಕ್ಟರ್ ಹೂನ ಕೊನೆಯ ಎರಡು ಕಂತುಗಳಲ್ಲಿ. ‘ವಿಶ್ ವರ್ಲ್ಡ್’ ಮತ್ತು ‘ದ ರಿಯಾಲಿಟಿ ವಾರ್’ ಕಥೆಯನ್ನು ಅಮ್ಮನಿಗೆ ಹೇಳಲು ಹೋಗಿ ಐದು ನಿಮಿಷದಲ್ಲಿ ನಿಲ್ಲಿಸಿದೆ. ರಾಣಿ ಯಾರು? ಅವಳು ಯಾಕೆ ಇಬ್ಬರಾದಳು? ಒಮೇಗಾ ಯಾರು? ಪ್ರತಿ ವಾಕ್ಯಕ್ಕೂ ‘ಇದಕ್ಕೆ ಮುಂಚೆ’ ಬೇಕಾಯಿತು. ದಶಕಗಳಷ್ಟು ಹಳೆಯ ಖಳರ ಹೆಸರುಗಳನ್ನು ಕರೆತಂದರು. ಬಂದವರಿಗೆ ಕೆಲಸ ಕೊಡಲಿಲ್ಲ. ಆರ್ಚಿ ಪಂಜಾಬಿ ರಾಣಿಯಾಗಿ ಎಷ್ಟು ಚೆನ್ನಾಗಿದ್ದರು! ಆ ರಾಣಿಯನ್ನು ಒಮೇಗಾ ನುಂಗಿಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಒಮೇಗಾನ ಕಥೆಯೂ ಮುಗಿಯುತ್ತದೆ. 2024ರ ಸೀಸನ್ನಿನ ಕೊನೆಯಲ್ಲಿ 1975ರ ಖಳ ಸುಟೆಖ್‌ನನ್ನು ತಂದಾಗಲೂ ಇದೇ ದೂರು ಕೇಳಿಬಂದಿತ್ತು.

ನನಗೆ ಹೆಚ್ಚು ನೋವಾದದ್ದು ಬೆಲಿಂಡಾ ಚಂದ್ರ ವಿಷಯದಲ್ಲಿ. ಕೇರಳದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ವರದಾ ಸೇತು ಮಾಡಿದ ಪಾತ್ರ ಅದು. ಬೆಲಿಂಡಾ ನರ್ಸ್, ಈ ಸೀಸನ್ನಿನಲ್ಲಿ ಡಾಕ್ಟರ್ ಜೊತೆ ಸುತ್ತುವವಳು. ಡಾಕ್ಟರ್ ಎದುರು ಬೆರಗಾಗಿ ನಿಲ್ಲುವವಳಲ್ಲ. ನನ್ನ ಒಪ್ಪಿಗೆ ಇಲ್ಲದೆ ನನ್ನ ಡಿಎನ್ಎ ಯಾಕೆ ಪರೀಕ್ಷೆ ಮಾಡಿದೆ ಅಂತ ಮೊದಲ ಕಂತಿನಲ್ಲೇ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಮ್ಮ ಕಡೆಯ ಮುಖ ಡಾಕ್ಟರ್‌ನ ಕಾಲಯಾನದ ಹಡಗು ಟಾರ್ಡಿಸ್ ಒಳಗೆ ಕಂಡಾಗ ಆದ ಸಂತೋಷ ನಾನು ಮುಚ್ಚಿಡುವುದಿಲ್ಲ. ಸೀಸನ್ ಉದ್ದಕ್ಕೂ ಅವಳ ಆಸೆ ಒಂದೇ, ಮನೆಗೆ ಹೋಗಬೇಕು. ಕೊನೆಯ ಕಂತಿನಲ್ಲಿ ಬಹಳ ಹೊತ್ತು ಅವಳನ್ನು ಪಾಪ್ಪಿ ಅನ್ನುವ ಮಗುವಿನ ಜೊತೆ ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸುತ್ತಾರೆ. ಆಮೇಲೆ ವಾಸ್ತವವೇ ಬದಲಾಗಿ, ಅವಳು ಮೊದಲಿಂದಲೂ ಆ ಮಗುವಿನ ತಾಯಿ, ಮನೆಗೆ ಓಡುತ್ತಿದ್ದದ್ದು ಮಗಳಿಗಾಗಿ ಅಂತಾಗುತ್ತದೆ. ತಾಯ್ತನ ಚಂದವಲ್ಲ ಅನ್ನುತ್ತಿಲ್ಲ. ಆದರೆ ಅದನ್ನು ಅವಳು ಆರಿಸಿಕೊಳ್ಳಲಿಲ್ಲ. ಒಪ್ಪಿಗೆಯ ಮಾತೆತ್ತಿದವಳ ಬದುಕನ್ನು ಅವಳ ಒಪ್ಪಿಗೆ ಇಲ್ಲದೆ ಬದಲಿಸಿದರು. ಅನೇಕ ಅಭಿಮಾನಿಗಳು, ಅದರಲ್ಲೂ ಹೆಂಗಸರು, ಇದನ್ನೇ ಎತ್ತಿ ಹೇಳಿದರು. ಅವರ ಮಾತು ಸರಿ.

ಸ್ಟಾರ್ ಟ್ರೆಕ್‌ನ ಕೊನೆಯ ಕಂತಿನಲ್ಲೂ ಬ್ರಹ್ಮಾಂಡದ ಕೇಡನ್ನು ಬಂಧಿಸುವ ಗಡಿಬಿಡಿ ಇದೆ. ಅದು ನನ್ನ ಮನಸ್ಸಿಗೆ ತಾಗಲಿಲ್ಲ. ಆದರೆ ನಡುವೆ ಹಡಗಿನ ಕ್ಯಾಪ್ಟನ್ ಪೈಕ್ ಮತ್ತು ಅವನ ಪ್ರೇಯಸಿ ಬಟೆಲ್ ತಾವು ಬಾಳಲಾಗದ ಬಾಳನ್ನು ಒಂದು ಕನಸಿನಂಥ ಕ್ಷಣದಲ್ಲಿ ಪೂರ್ತಿ ಬಾಳಿಬಿಡುತ್ತಾರೆ. ಮದುವೆ, ಮಗಳು, ಮುಪ್ಪು. ಪೈಕ್‌ಗೆ ಮುಂದೆ ಎಂಥ ಅಪಘಾತ ಕಾದಿದೆ ಅಂತ 1966ರಿಂದಲೇ ನೋಡುಗರಿಗೆ ಗೊತ್ತು. ಅದು ಗೊತ್ತಿದ್ದರೆ ಸಂಕಟ ಇನ್ನೂ ಜಾಸ್ತಿ. ಗೊತ್ತಿಲ್ಲದ ಅಮ್ಮನಿಗೂ ಸಂಕಟವಾಯಿತು. ಕೊನೆಯ ಕಂತಿನ ಮಟ್ಟಿಗೆ ಸ್ಟಾರ್ ಟ್ರೆಕ್ ಗೆದ್ದಿತು.

ಹಾಗಂತ ಆ ಸೀಸನ್ ಪೂರ್ತಿ ಚೆನ್ನಾಗಿದೆ ಅಂತಲ್ಲ. ‘ಫೋರ್ ಅಂಡ್ ಎ ಹಾಫ್ ವಲ್ಕನ್ಸ್’ ನೋಡಿ ನನಗೆ ಸಿಟ್ಟು ಬಂತು. ವಲ್ಕನ್ನರು ಅಂದರೆ ತರ್ಕಕ್ಕೆ ಹೆಸರಾದ, ಚೂಪು ಕಿವಿಯ ಅನ್ಯಗ್ರಹದವರು; ಹಡಗಿನ ಸ್ಪಾಕ್ ಅರ್ಧ ವಲ್ಕನ್. ನಾಲ್ವರಿಗೆ ಔಷಧಿ ಕೊಟ್ಟು ದೇಹವನ್ನು ವಲ್ಕನ್ ಮಾಡುತ್ತಾರೆ. ಕೂಡಲೇ ಅವರ ಸ್ವಭಾವವೂ ಬದಲಾಗಿ, ಒಣ ತರ್ಕದ, ಸೊಕ್ಕಿನ ಮನುಷ್ಯರಾಗುತ್ತಾರೆ. ಅದನ್ನು ನಗೆ ಕಥೆಯಾಗಿ ತೋರಿಸುತ್ತಾರೆ. ಅಭಿಮಾನಿಗಳ ಆಕ್ಷೇಪ ಇಷ್ಟು: ವಲ್ಕನ್ನರ ತರ್ಕ ಹುಟ್ಟಿನಿಂದ ಬಂದದ್ದಲ್ಲ, ಅದು ಕಲಿಕೆ, ಸಾಧನೆ. ಸ್ಪಾಕ್‌ನ ಕಥೆ ನಿಂತಿರುವುದೇ ಅದರ ಮೇಲೆ. ಇದು ಪಂಡಿತರ ಸಣ್ಣ ತಕರಾರು ಅಂತ ಕೆಲವರು ತಳ್ಳಿಹಾಕಿದರು. ನನಗೆ ಹಾಗನ್ನಿಸಲಿಲ್ಲ. ಗುಣ ರಕ್ತದಲ್ಲೇ ಬರುತ್ತದೆ ಅನ್ನುವ ಮಾತು ಎಷ್ಟು ಜನರನ್ನು ಬಾವಿಯಿಂದ, ಗುಡಿಯಿಂದ, ಶಾಲೆಯಿಂದ ದೂರ ಇಟ್ಟಿದೆ ಅಂತ ನಮಗೆ ಗೊತ್ತಲ್ವಾ? ಕುಲ ಯಾವುದು ಅಂತ ಕೇಳುವವರಿಗೆ ಎಂಟುನೂರು ವರ್ಷದ ಹಿಂದೆಯೇ ವಚನಕಾರರು ಉತ್ತರ ಕೊಟ್ಟ ನಾಡಿನಲ್ಲಿ ಕೂತು ಅದಕ್ಕೆ ನಗೋಕಾಗಲಿಲ್ಲ.

ಅದೇ ಸೀಸನ್ನಿನ ‘ದ ಸೆಹ್ಲಾಟ್ ಹೂ ಏಟ್ ಇಟ್ಸ್ ಟೇಲ್’ ಗಟ್ಟಿ ಕಥೆ. 1966ರ ಸರಣಿಯ ನಾಯಕ ಕರ್ಕ್ ಇಲ್ಲಿ ಚಿಕ್ಕ ವಯಸ್ಸಿನವನು, ಮೊದಲ ಸಲ ಹಡಗಿನ ಹೊಣೆ ಹೊರುತ್ತಾನೆ. ಶತ್ರುವಿನ ಹಡಗನ್ನು ಸೋಲಿಸುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅದರೊಳಗೆ ಸತ್ತವರೆಲ್ಲ ಹಿಂದೊಮ್ಮೆ ಭೂಮಿ ಬಿಟ್ಟು ಹೊರಟ ಮನುಷ್ಯರ ಸಂತತಿ.

ಒಂದು ವಿಷಯದಲ್ಲಿ ಎರಡೂ ಸರಣಿಗಳು ಆ ವರ್ಷ ಒಂದೇ ದಾರಿ ಹಿಡಿದವು. ಎರಡೂ ತಮ್ಮ ಬಗ್ಗೆಯೇ ಮಾತಾಡಿದವು. ಸ್ಟಾರ್ ಟ್ರೆಕ್‌ನ ‘ಎ ಸ್ಪೇಸ್ ಅಡ್ವೆಂಚರ್ ಅವರ್’ 1960ರ ದಶಕದ ಒಂದು ಬಾಹ್ಯಾಕಾಶ ಧಾರಾವಾಹಿಯ ಅಣಕು ತೋರಿಸುತ್ತದೆ. ವೇಷ ಚಂದ, ಕಥೆ ತೆಳು. ಡಾಕ್ಟರ್ ಹೂನ ‘ಲಕ್ಸ್’ 1952ರ ಮಿಯಾಮಿಯ ಸಿನಿಮಾ ಮಂದಿರದಲ್ಲಿ ನಡೆಯುತ್ತದೆ. ಅಲ್ಲಿ ಡಾಕ್ಟರ್ ಮತ್ತು ಬೆಲಿಂಡಾ ಟೀವಿಯಿಂದಲೇ ಹೊರಗೆ ಬಂದು, ಡಾಕ್ಟರ್ ಹೂ ನೋಡುತ್ತಿರುವ ಮೂವರು ಅಭಿಮಾನಿಗಳ ಎದುರು ನಿಲ್ಲುತ್ತಾರೆ. ನಿಮಗೆ ಇಷ್ಟವಾದ ಕಂತು ಯಾವುದು ಅಂದರೆ ಮೂವರೂ ‘ಬ್ಲಿಂಕ್’ ಅನ್ನುತ್ತಾರೆ. ಅದು 2007ರದ್ದು, ಡಾಕ್ಟರ್ ಬಹಳ ಹೊತ್ತು ಕಾಣಿಸದ ಕಂತು. ಆಮೇಲೆ ಆ ಮೂವರಿಗೆ ತಾವೇ ನಿಜವಲ್ಲ ಅಂತ ಗೊತ್ತಾಗುತ್ತದೆ. ಆದರೂ ಡಾಕ್ಟರ್‌ಗೆ ದಾರಿ ತೋರಿಸಿ ಕಳಿಸುತ್ತಾರೆ. ನಗುತ್ತಾ ನೋಡುತ್ತಿದ್ದವನಿಗೆ ಗಂಟಲು ಕಟ್ಟಿತು. ನಮ್ಮಂಥ ನೋಡುಗರನ್ನು ಇಷ್ಟು ಪ್ರೀತಿಯಿಂದ ಯಾರೂ ಬರೆದಿರಲಿಲ್ಲ.

ಇನ್ನು ಕಂತುಗಳ ಸಂಖ್ಯೆ. 1966ರಲ್ಲಿ ಶುರುವಾದ ಸ್ಟಾರ್ ಟ್ರೆಕ್‌ನ ಮೊದಲ ಸೀಸನ್ 29 ಕಂತು. 2005ರಲ್ಲಿ ಡಾಕ್ಟರ್ ಹೂ ಮರಳಿ ಬಂದಾಗ 13. ಈಗ 10 ಮತ್ತು 8. ಎಂಟರಲ್ಲಿ ಎರಡು ಕೊನೆಯ ಗದ್ದಲಕ್ಕೆ ಹೋದರೆ ಆರು ಉಳಿಯುತ್ತವೆ. ಆ ಆರರಲ್ಲಿ ಒಂದು, ‘ಲಕಿ ಡೇ’, ಹಳೇ ಗೆಳತಿ ರೂಬಿಯದು. ಬೆಲಿಂಡಾ ಜೊತೆ ನಾವು ಸುಮ್ನೆ ಕೂತು ಚಹಾ ಕುಡಿಯುವಷ್ಟು ಹೊತ್ತೂ ಸಿಗುವುದಿಲ್ಲ. ಒಂದು ಕಂತು ಕೆಟ್ಟರೆ ಸೀಸನ್ನಿನ ಎಂಟನೇ ಒಂದು ಪಾಲು ಕೆಟ್ಟ ಹಾಗೆ. ಅಭಿಮಾನಿಗಳ ಸಿಟ್ಟು ಮೊದಲಿಗಿಂತ ಜೋರಾಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಮುಂದಿನ ದಾರಿಯೂ ಕಿರಿದಾಗಿದೆ. ಡಾಕ್ಟರ್ ಹೂಗೆ ಡಿಸ್ನಿ ಜೊತೆಗಿದ್ದ ಪಾಲುದಾರಿಕೆ ಮುಗಿದಿದೆ, 2026ರ ಕ್ರಿಸ್ಮಸ್‌ಗೆ ಸರಣಿಯ ಮುಖ್ಯ ಬರಹಗಾರ ರಸೆಲ್ ಟಿ ಡೇವಿಸ್ ಬರೆಯುವ ಒಂದು ವಿಶೇಷ ಕಂತು ಅಂತ ಬಿಬಿಸಿ 2025ರ ಅಕ್ಟೋಬರಿನಲ್ಲಿ ಹೇಳಿತು. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಐದನೇ ಸೀಸನ್ನಿನ 6 ಕಂತುಗಳೊಂದಿಗೆ ಮುಗಿಯುತ್ತದೆ.

ಯಾವುದನ್ನು ನೋಡಬೇಕು ಅಂತ ಕೇಳಿದರೆ, ಹೊಸಬರಿಗೆ ನಾನು ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಅನ್ನುತ್ತೇನೆ. ಆದರೆ ಮೂರನೇ ಸೀಸನ್ನಿನಿಂದ ಅಲ್ಲ, 2022ರ ಮೊದಲ ಸೀಸನ್ನಿನಿಂದ. ಜನ ಪರಿಚಯವಾಗುತ್ತಾರೆ, ಆಮೇಲೆ ‘ಟೆರೇರಿಯಮ್’ ಎದೆಗೆ ತಾಗುತ್ತದೆ. ಒಂದೇ ರಾತ್ರಿ ಬಿಡುವಿದ್ದರೆ ‘ದ ವೆಲ್’ ನೋಡಿ, ಹಿಂದಿನದು ಏನೂ ಗೊತ್ತಿರಬೇಕಿಲ್ಲ. ನಾನಂತೂ ಮತ್ತೆ ಮತ್ತೆ ಹೋಗುವುದು ಡಾಕ್ಟರ್ ಹೂ ಕಡೆಗೇ. ಬಿದ್ದರೆ ಸ್ಟಾರ್ ಟ್ರೆಕ್‌ಗಿಂತ ಕೆಳಗೆ ಬೀಳುತ್ತದೆ, ನಿಜ. ಲಾಗೋಸ್‌ನ ಆ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಲು ಮಾತ್ರ ಬೇರೆ ಯಾರಿಗೂ ಆಗುತ್ತಿರಲಿಲ್ಲ.

ಮೊನ್ನೆ ಅಮ್ಮ ಅವಳ ತಮ್ಮನಿಗೆ ಫೋನಿನಲ್ಲಿ ಆ ಕ್ಷೌರದ ಅಂಗಡಿಯ ಕಥೆ ಹೇಳುತ್ತಿದ್ದಳು. ಜಡೆಯ ನಕ್ಷೆ ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರ್ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲ.