ಹ್ಯಾವ್‌ಲಾಕ್ ಅಥವಾ ನೀಲ್: ಒಂದೇ ದಿನ ಇದ್ದರೆ ಯಾವುದು?

ಗೆಳೆಯರ ಜೊತೆ ಅಂಡಮಾನಿಗೆ ಹೊರಟವರಿಗೆ ಈ ಗೊಂದಲ ಇದ್ದೇ ಇರುತ್ತದೆ. 2018ರಿಂದ ಹ್ಯಾವ್‌ಲಾಕ್ ಹೆಸರು ಸ್ವರಾಜ್ ದ್ವೀಪ, ನೀಲ್ ಹೆಸರು ಶಹೀದ್ ದ್ವೀಪ. ಟಿಕೆಟ್ ಮಾಡಿಸುವಾಗ ಇದು ನೆನಪಿರಲಿ.

ನೀರಿಗಿಳಿದು ಆಡುವ ಗುಂಪಾದರೆ ಹ್ಯಾವ್‌ಲಾಕ್. ಬೆಳಿಗ್ಗೆ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್ (ಉಸಿರಾಡುವ ನಳಿಕೆ ಹಾಕಿಕೊಂಡು ತೇಲುತ್ತಾ ನೀರೊಳಗೆ ನೋಡುವುದು) ಮಾಡಿ. ಅಲ್ಲಿಗೆ ದೋಣಿ ಇದೆ, ಕಾಡಿನೊಳಗೆ ನಡೆದೂ ಹೋಗಬಹುದು, ಆದರೆ ಮಳೆ ಬಿದ್ದಿದ್ದರೆ ದಾರಿ ಪೂರ್ತಿ ಕೆಸರು. ಸಂಜೆಗೆ ರಾಧಾನಗರ ಬೀಚ್. ಚಳಿಗಾಲದಲ್ಲಿ ಅಲ್ಲಿ 5 ಗಂಟೆ ಹೊತ್ತಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ, ಹಾಗಾಗಿ ಊಟ ಮಾಡಿ ನಿದ್ದೆ ತೆಗೆದು ನಿಧಾನಕ್ಕೆ ಹೊರಟರೆ ಏನೂ ಸಿಗಲ್ಲ.

ನೀಲ್ ತುಂಬಾ ಚಿಕ್ಕದು. ಸೈಕಲ್ ಬಾಡಿಗೆಗೆ ತಗೊಂಡು ಗದ್ದೆ, ತೋಟಗಳ ನಡುವೆ ಹರಟೆ ಹೊಡೆಯುತ್ತಾ ಸುತ್ತಬಹುದು. ನನಗೆ ಅಲ್ಲಿ ತುಂಬಾ ಇಷ್ಟವಾದದ್ದು ಲಕ್ಷ್ಮಣಪುರದ ಕಲ್ಲಿನ ಕಮಾನು. ಸಮುದ್ರ ಇಳಿದಾಗ ಬಂಡೆಗಳ ಮಧ್ಯೆ ಸಣ್ಣ ಸಣ್ಣ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಸುಮ್ನೆ ಬಗ್ಗಿ ನೋಡಿದರೆ ಏಡಿ, ಪುಟ್ಟ ಮೀನು, ಬೆರಳಿಗಿಂತ ದಪ್ಪನೆಯ ಕಪ್ಪು ಸಮುದ್ರಸೌತೆ (ಸೌತೆಕಾಯಿಯಂತೆ ಕಾಣುವ ಸಮುದ್ರಜೀವಿ) ಎಲ್ಲಾ ಕಾಣುತ್ತವೆ. ಉಬ್ಬರದ ಹೊತ್ತಿಗೆ ಹೋದರೆ ಇದ್ಯಾವುದೂ ಇಲ್ಲ, ಅದಕ್ಕೇ ಇಳಿತದ ಸಮಯ ಮೊದಲೇ ಕೇಳಿಕೊಳ್ಳಿ. ಬಂಡೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಬೇಕೇ ಬೇಕು. ಹವಳದ ತುಂಡು ಮಾತ್ರ ಎತ್ತಿಕೊಂಡು ಬರಬೇಡಿ, ಅದು ಕಾನೂನು ಪ್ರಕಾರ ಅಪರಾಧ.

ನಾಲ್ಕೈದು ಜನ, ಅದರಲ್ಲಿ ಒಬ್ಬಿಬ್ಬರಿಗೆ ನೀರೆಂದರೆ ಭಯ ಅಂದ್ರೆ ನಾನು ನೀಲ್‌ಗೇ ಹೋಗಿ ಅಂತೀನಿ.