ಲಿನಕ್ಸ್‌ನಲ್ಲಿ ಆಟ: ಎನ್ವಿಡಿಯಾ ಡ್ರೈವರೋ, ನೂವೋ ಡ್ರೈವರೋ, ಎಎಂಡಿ ಕಾರ್ಡೋ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಮಕ್ಕಳು ಕಲಿಯುವುದು ಲಿನಕ್ಸ್ ಮೇಲೆಯೇ. ಮನೆಯಲ್ಲಿ ಅದರಲ್ಲೇ ಆಟ ಆಡಹೊರಟು ಪರದೆ ಕಪ್ಪಾದರೆ ಏನು ಮಾಡುವುದೆಂದು ಬದಿಯಡ್ಕದ ಗೆಳೆಯರೊಬ್ಬರು ಕೇಳಿದ್ದಾರೆ.

ವೇಗವೇ ಮುಖ್ಯವಾದರೆ, ಕೈಯಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡೇ ಇದ್ದರೆ, ಕಂಪನಿಯ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿ. ತೊಂದರೆ ಬರುವುದು ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದಾದಾಗ: ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ಭಾಗ, ಅಂದರೆ ಮಾಡ್ಯೂಲ್, ಮತ್ತೆ ಕಟ್ಟಿಕೊಳ್ಳದಿದ್ದರೆ, ಅಥವಾ ನಂಬಿಕೆಯ ಸಹಿಯಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಅದರ ಸಹಿ ಒಪ್ಪದಿದ್ದರೆ ಕಪ್ಪು ಪರದೆ. ಆಗ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್‌ಗೆ ಹೋಗಿ, ಡ್ರೈವರ್ ಮರುಸ್ಥಾಪಿಸಿ. ಕಂಪನಿಯ ಜಾಲತಾಣದ ಫೈಲ್ ಬೇಡ, ನಿಮ್ಮ ಲಿನಕ್ಸ್ ವಿತರಣೆಯ (ಉಬುಂಟುವಿನಂಥದ್ದರ) ತಂತ್ರಾಂಶ ಭಂಡಾರದ್ದನ್ನೇ ಹಾಕಿ. ಇದನ್ನು ಒತ್ತಿ ಹೇಳುತ್ತೇನೆ.

ಎನ್ವಿಡಿಯಾ ಕಾರ್ಡ್‌ಗಳ ಇನ್ನೊಂದು ಡ್ರೈವರ್ ನೂವೋ ಕರ್ನಲ್‌ನಲ್ಲೇ ಇದೆ, ಮುಕ್ತವೂ ಹೌದು. ಜಿಟಿಎಕ್ಸ್ 1650ರಂಥ ಟ್ಯೂರಿಂಗ್ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಕಾರ್ಡಾದರೆ, ಅದರ ಜೊತೆಗಾರ ಮುಕ್ತ ಡ್ರೈವರ್ ಎನ್‌ವಿಕೆ ಜೊತೆ ಹಗುರ ಆಟಗಳಿಗೆ ಪರವಾಗಿಲ್ಲ. ಜಿಟಿಎಕ್ಸ್ 1050ರಂಥ ಹಳೆಯದ್ದಕ್ಕೆ ಬೇಡ, ಕಾರ್ಡ್ ಕೆಲಸ ಮಾಡುವ ವೇಗ (ಕ್ಲಾಕ್ ಸ್ಪೀಡ್) ಏರುವುದೇ ಇಲ್ಲ.

ಕಾರ್ಡ್ ಇನ್ನೂ ಕೊಂಡಿಲ್ಲವೇ? ಎಎಂಡಿ ನೋಡಿ. ಡ್ರೈವರ್ ಕರ್ನಲ್ ಮತ್ತು ಮೀಸಾದಲ್ಲೇ (ಲಿನಕ್ಸ್‌ನ ಮುಕ್ತ ಗ್ರಾಫಿಕ್ಸ್ ತಂತ್ರಾಂಶ) ಬರುತ್ತದೆ, ಬೇರೆ ಹಾಕುವ ಕೆಲಸವಿಲ್ಲ. ತೀರಾ ಹೊಸ ಮಾದರಿಯಾದರೆ ಮಾತ್ರ ಕರ್ನಲ್, ಮೀಸಾ ಎರಡೂ ಹೊಸದಿರಬೇಕು.