ಜಿಯೋಜಿಬ್ರಾದ ಸಂಭವನೀಯತಾ ಕ್ಯಾಲ್ಕುಲೇಟರ್: ಹತ್ತು ತೆಂಗಿನಕಾಯಿಗಳ ಲೆಕ್ಕ

ಸಂಭವನೀಯತಾ ವಿತರಣೆಗಳನ್ನು (ಯಾವ ಫಲಿತಾಂಶಕ್ಕೆ ಎಷ್ಟು ಸಂಭವ ಎಂಬ ಹಂಚಿಕೆಗಳನ್ನು) ಬಾಯಿಪಾಠ ಮಾಡಿಸುವ ಬದಲು ಕಣ್ಣೆದುರಿಗೆ ತಂದು ತೋರಿಸುವ ಸಾಧನಗಳಲ್ಲಿ, 2001ರಲ್ಲಿ ಆರಂಭವಾದ ಗಣಿತ ತಂತ್ರಾಂಶ ಜಿಯೋಜಿಬ್ರಾದ ಈ ಉಚಿತ ಕ್ಯಾಲ್ಕುಲೇಟರನ್ನೇ ಪಿಯುಸಿ ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುತ್ತೇನೆ. ಪ್ರತಿ ಕಾಯಿಯೂ ಕೆಟ್ಟಿರುವ ಸಂಭವ ಹತ್ತರಲ್ಲೊಂದು ಇರುವ ರಾಶಿಯಿಂದ ಹತ್ತು ತೆಂಗಿನಕಾಯಿ ಕೊಂಡರೆ, ಅವುಗಳಲ್ಲಿ ಕೆಟ್ಟವೆಷ್ಟು ಎಂಬುದೇ ಯಾದೃಚ್ಛಿಕ ಚರ, ಅಂದರೆ ಆಕಸ್ಮಿಕವಾಗಿ ಬದಲಾಗುವ ಸಂಖ್ಯೆ. ಇಂಥ ಎಣಿಕೆಗೆ ಹೊಂದುವ ದ್ವಿಪದ ವಿತರಣೆಯನ್ನು ಆರಿಸಿ 10 ಮತ್ತು 0.1 ಎಂದು ತುಂಬಿದೊಡನೆ ಕಂಬಗಳು ಮೂಡಿ, ಒಂದೂ ಕೆಡದಿರುವ ಸಂಭವ 0.3487, ಒಂದೇ ಒಂದು ಕೆಟ್ಟಿರುವ ಸಂಭವ 0.3874 ಎಂದು ತಿಳಿಯುತ್ತದೆ. ಹತ್ತಕ್ಕೊಂದು ಎಂದರೆ ಒಂದು ಕೆಟ್ಟೇ ಇರುತ್ತದೆ ಎಂಬ ನಂಬಿಕೆ ಅಲ್ಲಿಯೇ ಸಡಿಲಗೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋಚದು. ಕೊರತೆಯೂ ಇದೆ. ಒಂದೇ ಮೂಟೆಯ ಕಾಯಿಗಳು ಒಟ್ಟಿಗೆ ಕೆಡಬಹುದು, ಆಗ ಈ ವಿತರಣೆ ಹೊಂದುವುದಿಲ್ಲ ಎಂದು ಕ್ಯಾಲ್ಕುಲೇಟರ್ ಎಚ್ಚರಿಸುವುದಿಲ್ಲ. ಸ್ವತಂತ್ರತೆಯ, ಅಂದರೆ ಒಂದು ಕಾಯಿ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲವೇ ಎಂಬ ಪ್ರಶ್ನೆಯನ್ನು ಉಪನ್ಯಾಸಕರೇ ಎತ್ತಬೇಕು.